ನಾಲ್ಕನೇ ಮೂಲೆಯಲ್ಲಿ ಇಪ್ಪತ್ತು ಕಿಲೋ

ದಸರಾ ಮುಗಿದ ವಾರ, ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಮೂವತ್ತು ಜನರ ಎದುರಿಗೆ ನಾನು ಇಪ್ಪತ್ತು ಕಿಲೋ ತೂಗಿದೆ.

ನನ್ನನ್ನು ನೋಡಿದವರಿಗೆ ಗೊತ್ತು. ನೋಡದವರಿಗೆ ಹೇಳುತ್ತೇನೆ, ನಾನು ಎಂಬತ್ತರ ಮೇಲಿದ್ದೇನೆ. (ವಯಸ್ಸಲ್ಲ, ತೂಕ. ಮನೆಯವಳು ತೊಂಬತ್ತು ಅನ್ನುತ್ತಾಳೆ, ಅದು ಬೇರೆ ವಿಷಯ.) ಉಪವಾಸ ಮಾಡಿರಲಿಲ್ಲ. ಕಾಯಿಲೆ ಬಿದ್ದಿರಲಿಲ್ಲ. ಬೆಳಿಗ್ಗೆ ಐದು ಇಡ್ಲಿ ತಿಂದೇ ಬಂದಿದ್ದೆ. ತೂಗಿದ್ದು ಯಾರದೋ ಮುರುಕು ತಕ್ಕಡಿಯಲ್ಲೂ ಅಲ್ಲ, ನನ್ನದೇ ವೇ ಬ್ರಿಡ್ಜಿನ ಮೇಲೆ.

"ಯಜಮಾನ್ರು ಆ ಮೂಲೇಲಿ ನಿಂತ್ರೆ ಬಾಲವಾಡಿ ಮಗು ಆಗೋಯ್ತಾರೆ ಕಣ್ರಲಾ" ಅಂದ ಒಬ್ಬ ಹಮಾಲಿ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೇ ಈ ವಾರದ ಮಾತು.

ಕಡೂರಿನ ಸ್ಟೇಷನ್ ಕಡೆಯ ರಸ್ತೆಯಲ್ಲಿ ನನ್ನ ವೇ ಬ್ರಿಡ್ಜ್ ಇದೆ. ಲಾರಿಯನ್ನು ಸರಕಿನ ಸಮೇತ ತೂಗುವ ಜಾಗ. ಮೊದಲು ತೂಕ ಹಾಕಿ, ಆಮೇಲೆ ಖಾಲಿ ಲಾರಿಯ ತೂಕ ಕಳೆದು, ಉಳಿದದ್ದನ್ನು ಚೀಟಿಯಲ್ಲಿ ಬರೆದು ಕೊಡುವುದು ನನ್ನ ಕಸುಬು. ಬಸ್ ಸ್ಟ್ಯಾಂಡಿನಲ್ಲಿ ತೆಂಗಿನಕಾಯಿ ಗುಡ್ಡೆ ಹಾಕಿಕೊಂಡು ಕೂತವನು ಇಲ್ಲಿಗೆ ಬಂದು ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ನನಗೆ ತೋಟ ಇಲ್ಲ, ದೊಡ್ಡ ಓದಿಲ್ಲ. ಇರುವುದು ಒಂದು ಚೀಟಿ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಕಡೆ ನನ್ನ ಚೀಟಿ ತೋರಿಸಿದರೆ ಮತ್ತೆ ತೂಗಿ ನೋಡುವವರಿಲ್ಲ. ಆ ಚೀಟಿಯ ಮೇಲಿನ ನಂಬಿಕೆ ಹೋದರೆ ನಾನು ಮತ್ತೆ ಬಸ್ ಸ್ಟ್ಯಾಂಡಿಗೆ. ಅಷ್ಟೇ ಲೆಕ್ಕ.

ಮೊದಲು ನನ್ನಲ್ಲಿ ಇದ್ದದ್ದು ಹಳೇ ಕಾಲದ ಲಿವರ್ ಬ್ರಿಡ್ಜ್. ಮುಚ್ಚಿಹೋದ ಒಂದು ಮಿಲ್ಲಿನಿಂದ ತಂದದ್ದು. ಅದರ ಉದ್ದನೆಯ ಹಿತ್ತಾಳೆ ದಂಡದ ಮೇಲೆ ಗುಂಡು ಜರುಗಿಸಿ ತೂಕ ನೋಡುತ್ತಿದ್ದವನು ಸಿದ್ದಣ್ಣ. ಈಗ ಅರವತ್ತರ ಹತ್ತಿರ. ಹುಟ್ಟಿದಾಗಿನಿಂದ ತಕ್ಕಡಿ ಹಿಡಿದವನು. ಇವತ್ತಿಗೂ ದಿನದ ಮೊದಲನೇ ಲಾರಿ ಬಂದರೆ "ಒಂದು" ಅನ್ನುವುದಿಲ್ಲ, "ಲಾಭ" ಅಂತಲೇ ಎಣಿಕೆ ಶುರುಮಾಡುತ್ತಾನೆ.

ಹೋದ ವರ್ಷ ಲಿವರ್ ತೆಗೆದು ಲೋಡ್ ಸೆಲ್ ಬ್ರಿಡ್ಜ್ ಹಾಕಿಸಿದೆ. ಕೆಂಪು ಅಂಕಿ ಹತ್ತುವ ಡಬ್ಬಿ, ಕೂತಲ್ಲೇ ತೂಕ. "ಇನ್ನು ಸಿದ್ದಣ್ಣ ಯಾಕೆ?" ಅಂತ ನಾಲ್ಕು ಜನ ಕೇಳಿದರು. ನಾನು ಇಟ್ಟುಕೊಂಡೆ. ಅರ್ಧ ಕರುಣೆ, ಅರ್ಧ ಲೆಕ್ಕಾಚಾರ. ಹೊಸ ಮಿಷಿನ್ ಬಂದ ಜಾಗದಲ್ಲಿ ಹಳೇ ಮುಖ ಒಂದು ಇರಬೇಕು, ಇಲ್ಲದಿದ್ದರೆ ಗಿರಾಕಿಗೆ ಗಾಬರಿಯಾಗುತ್ತದೆ. ಅಂಗಡಿ ಇಟ್ಟವರು ಬರೆದಿಟ್ಟುಕೊಳ್ಳಿ.

ಇನ್ನೊಂದೂ ಬರೆದಿಟ್ಟುಕೊಳ್ಳಿ. ಮಿಷಿನ್ ಕೊಳ್ಳುವಾಗ ಕಂಪನಿಯವರು ರೇಟಿನಲ್ಲಿ ಒಂದು ಕಾಸು ಇಳಿಯಲಿಲ್ಲ. ಮೂರು ಸಲ ಕಾಫಿ ಕುಡಿಸಿದೆ, ಎರಡು ಸಲ ಎದ್ದು ಹೊರಟೆ, ಊಹೂಂ. ಕೊನೆಗೆ ನಾನು ಅಂದೆ: "ರೇಟು ಬೇಡ ಬಿಡಿ. ಮಿಷಿನ್ ಕೂರಿಸೋಕೆ ಬರೋ ಇಂಜಿನಿಯರನ್ನ ಎರಡು ದಿನ ಜಾಸ್ತಿ ಇಲ್ಲೇ ಬಿಟ್ಟುಹೋಗಿ." ಅವರಿಗೆ ಅದು ಪುಕ್ಕಟೆ ಅನ್ನಿಸಿತು, ಒಪ್ಪಿದರು.

ಆ ಎರಡು ದಿನ ಇಂಜಿನಿಯರ್ ನಮ್ಮ ಮನೆಯ ಅಕ್ಕಿ ರೊಟ್ಟಿ ತಿಂದು ನನಗೆ ನಲವತ್ತು ಮಾತು ಕೊಟ್ಟುಹೋದ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ಗ್ರಾಸ್, ಸರಕು ಲಾರಿ ಎರಡೂ ಸೇರಿದ ತೂಕ. ಟೇರ್, ಖಾಲಿ ಲಾರಿಯದು. ನೆಟ್, ಉಳಿದದ್ದು. ಝೀರೋ, ಬ್ರಿಡ್ಜಿನ ಮೇಲೆ ಏನೂ ಇಲ್ಲದಾಗ ತೋರಿಸಬೇಕಾದದ್ದು. ಶಾಕ್ ಲೋಡ್, ಭಾರ ದಡಾರನೆ ಬೀಳುವುದು. ಡ್ರಿಫ್ಟ್, ಸೆಲ್ಲು ತಾನಾಗಿಯೇ ದಾರಿ ತಪ್ಪಿ ತೂಕ ಸರಿಯುತ್ತಾ ಹೋಗುವುದು. ಬೈಂಡಿಂಗ್, ತೂಗುವ ಹಲಗೆ ಪಕ್ಕದ ಯಾವುದಕ್ಕೋ ಸಿಕ್ಕಿಕೊಳ್ಳುವುದು.

ಯಾಕೆ ಇಷ್ಟು ಹಟ? ಹೆಸರು ಗೊತ್ತಿಲ್ಲದ ಭಾಗಕ್ಕೆ ರಿಪೇರಿಯವನು ಹೇಳಿದ್ದೇ ರೇಟು ಸ್ವಾಮಿ. ಪಂಪ್‌ಸೆಟ್ಟಾಗಲಿ, ಸ್ಕೂಟರಾಗಲಿ, ಮನೆಯ ಮಿಕ್ಸಿಯಾಗಲಿ, ಕೊಳ್ಳುವಾಗ ಅದರ ಮಾತನ್ನೂ ಜೊತೆಗೆ ಕೊಂಡುಕೊಳ್ಳಿ.

ಸಿದ್ದಣ್ಣ ಬರೆದುಕೊಳ್ಳಲಿಲ್ಲ. ಓದು ಬರದು. ಪಕ್ಕದಲ್ಲಿ ಕೂತು ಕೇಳಿದ. ಲೋಡ್ ಸೆಲ್ ಅಂದರೆ ಏನು ಅಂತ ಇಂಜಿನಿಯರ್ ವಿವರಿಸಿದ: ನಾಲ್ಕು ಮೂಲೆಯ ಕೆಳಗೆ ನಾಲ್ಕು ಉಕ್ಕಿನ ತುಂಡು, ಭಾರ ಬಿದ್ದರೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತವೆ, ಅದಕ್ಕೆ ಅಂಟಿಸಿರುವ ಕೂದಲಿನಂಥ ತಂತಿ ಆ ಕುಗ್ಗಿದ್ದನ್ನು ಕರೆಂಟಿನಲ್ಲಿ ಡಬ್ಬಿಗೆ ಮುಟ್ಟಿಸುತ್ತದೆ.

"ಅಂದ್ರೆ ಉಕ್ಕಿಗೂ ನೋವಾಯ್ತದೆ, ಅದು ಹೇಳ್ಕೊತದೆ ಅನ್ನಿ" ಅಂದ ಸಿದ್ದಣ್ಣ.

ಇಂಜಿನಿಯರ್, "ಕಾಲೇಜಿನಲ್ಲಿ ನಮಗೆ ಇಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ" ಅಂದ.

ಈಗ ಆಯುಧ ಪೂಜೆಗೆ ಬನ್ನಿ. ವೇ ಬ್ರಿಡ್ಜಿಗೆ ಪೂಜೆ ಮಾಡದೆ ಇರುವುದುಂಟೇ? ಲಾರಿಗೆ ಮಾಡುತ್ತೇವೆ, ಸೈಕಲ್ಲಿಗೆ ಮಾಡುತ್ತೇವೆ. ಬೆಳಿಗ್ಗೆಯೇ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆಸಿದೆ. ಬಾಳೆಕಂದು, ಮಾವಿನ ತೋರಣ, ಡಬ್ಬಿಗೆ ವಿಭೂತಿ ಪಟ್ಟೆ. ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿದ್ದಾಯಿತು. ಇನ್ನು ಕಾಸು. ನಾನು ಜೇಬಿನಿಂದ ಹತ್ತು ಪೈಸೆ ಬಿಲ್ಲೆಗಳನ್ನು ತೆಗೆದೆ.

ನನ್ನ ಹೆಂಡತಿ ಪಾರ್ವತಿ ನೋಡಿದಳು. "ಅಲ್ಲಾ ಕಣ್ರೀ, ಇಷ್ಟು ದೊಡ್ಡ ಮಿಷಿನ್ನಿಗೆ ಹತ್ತು ಪೈಸೆ ಹಾಕ್ತೀರಾ? ಜನ ಏನಂತಾರೆ?"

ಜನ ಏನಂತಾರೆ ಅನ್ನುವ ಮಾತಿಗೆ ನಾನು ಸಾಮಾನ್ಯವಾಗಿ ಬೀಳುವವನಲ್ಲ. ಅವತ್ತು ಬಿದ್ದೆ. ಹನ್ನೊಂದು ರೂಪಾಯಿ ನಾಣ್ಯ, ಗಟ್ಟಿಯವು, ಕುಂಬಳಕಾಯಿಯೊಳಗೆ ಹೋದವು. ಬ್ರಿಡ್ಜಿನ ನಟ್ಟನಡುವೆ ಎತ್ತಿ ಒಡೆದೆ.

ಬೀದಿಯ ಮಕ್ಕಳು ಇದಕ್ಕೇ ಕಾದಿದ್ದರು. ಕಾಸು ಆರಿಸಲು ಹಲಗೆಯ ಮೇಲೆ ಧಾವಿಸಿದರು. ಆಗ ನನಗೆ ನೋಟ್‌ಬುಕ್ಕು ನೆನಪಾಗಬೇಕೇ? "ಲೇ, ಇಳೀರೋ, ಶಾಕ್ ಲೋಡ್ ಆಗುತ್ತೆ" ಅಂತ ಕೂಗಿ ಎಲ್ಲರನ್ನೂ ಓಡಿಸಿದೆ. ದಿನಾ ಲಾರಿ ಹತ್ತುವ ಹಲಗೆಗೆ ಆರು ಮಕ್ಕಳು ಕುಣಿದರೆ ಏನೂ ಆಗುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ನಾಲ್ಕು ಜನ ನೋಡುತ್ತಿದ್ದರಲ್ಲ, ಕಲಿತ ಮಾತು ಬಾಯಿಗೆ ಬಂತು. ಮಕ್ಕಳು ಪೆಚ್ಚುಮೋರೆ ಹಾಕಿಕೊಂಡು ಹೋದರು. ಕಂಡ ಕಾಸನ್ನು ನಾವೇ ಆರಿಸಿದೆವು. ಒಂಬತ್ತು ಸಿಕ್ಕವು. ಎರಡು ಯಾರೋ ಹೊಡೆದುಕೊಂಡು ಹೋಗಿರಬೇಕು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಡಬ್ಬಿ ಹಚ್ಚಿದರೆ, ಬ್ರಿಡ್ಜಿನ ಮೇಲೆ ಏನೂ ಇಲ್ಲ, ಅಂಕಿ ಮೈನಸ್ ಮೂವತ್ತು. ನಾನು ಬುದ್ಧಿವಂತನಲ್ಲವೇ? ನಿನ್ನೆ ತೊಳೆದ ನೀರು ಆರಿದೆ, ಹಲಗೆ ಹಗುರಾಗಿದೆ ಅಂತ ತೀರ್ಮಾನಿಸಿ ಝೀರೋ ಬಟನ್ ಒತ್ತಿದೆ. ಸೊನ್ನೆ ಬಂತು.

ಸಿದ್ದಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಯಾಕೆ ಕಮ್ಮಿ ತೋರಿಸ್ತಾದೆ ಅಂತ ಕೇಳ್ಬೇಕಲ್ವ ಯಜಮಾನ್ರೇ. ಬಾಯಿ ಮುಚ್ಚಿಸ್ಬಿಟ್ರಲ್ಲ."

"ಅದಕ್ಕೇ ಅಂತ ಬಟನ್ ಇಟ್ಟಿರೋದು ಸಿದ್ದಣ್ಣ" ಅಂದು ನಕ್ಕೆ.

ಐದನೇ ದಿನ ಕಲ್ಲೇಶಪ್ಪ ಬಂದ. ಬುಕ್ಕಾಂಬುಧಿಯವನು, ಈರುಳ್ಳಿ ಬೆಳೆಗಾರ. ಕೆರೆ ಕೆಳಗಿನ ಜಮೀನು, ನಿಧಾನದ ಮನುಷ್ಯ, ಮಾತು ಕಡಿಮೆ. ಪ್ರತಿ ವರ್ಷ ಬೆಂಗಳೂರಿಗೆ ಲೋಡ್ ಕಳಿಸುವಾಗ ನನ್ನಲ್ಲೇ ತೂಕ. ಅವನು ತರುವ ಲಾರಿಯೂ ನಮಗೆ ಹಳೆಯದು. ಅದರ ಟೇರನ್ನು ದಸರಾಕ್ಕೆ ಮೊದಲೇ ತೆಗೆದು ಬರೆದಿಟ್ಟಿದ್ದೆವು. (ಟೇರ್ ತೆಗೆಯುವಾಗ ಕ್ಲೀನರ್ ಕ್ಯಾಬಿನ್ನಿನಲ್ಲಿ ಮಲಗಿದ್ದಾನೋ ನೋಡಿಕೊಳ್ಳಿ. ಅದು ಇನ್ನೊಂದು ದೊಡ್ಡ ಕಥೆ.)

ಲಾರಿ ಹತ್ತಿತು. ಲೆಕ್ಕ ಹಾಕಿ ನೆಟ್ ಬರೆದೆ: ಐದು ಸಾವಿರದ ಎಂಟುನೂರ ಎಂಬತ್ತು ಕಿಲೋ. ಕಲ್ಲೇಶಪ್ಪ ಚೀಟಿ ನೋಡಿದ. ಮಡಚಲಿಲ್ಲ. ವಾಪಸ್ ನನ್ನ ಟೇಬಲ್ಲಿನ ಮೇಲಿಟ್ಟ.

"ನೂರಾ ಇಪ್ಪತ್ತು ಚೀಲ. ಐವತ್ತೈವತ್ತು ಕಿಲೋ ಮನೇಲೇ ತೂಗಿ ಹೊಲ್ದಿದೀನಿ. ಆರು ಸಾವಿರ ಆಗ್ಬೇಕು. ನೂರಾ ಇಪ್ಪತ್ತು ಕಿಲೋ ಎಲ್ಲೋಯ್ತು?"

"ಮನೆ ತಕ್ಕಡಿ ಕಲ್ಲೇಶಪ್ಪ, ಒಂದು ಚೀಲಕ್ಕೆ ಒಂದು ಕಿಲೋ ಆಚೀಚೆ ಆಗಲ್ವಾ?"

"ಆಚೆ ಆಗ್ಬೇಕು, ಈಚೇನೂ ಆಗ್ಬೇಕು. ನೂರಾ ಇಪ್ಪತ್ತು ಚೀಲಾನೂ ಒಂದೇ ಕಡೆ ತಪ್ತಾವಾ?"

ಲೆಕ್ಕದಲ್ಲಿ ಸಿಕ್ಕಿಬಿದ್ದವನು ಏನು ಮಾಡುತ್ತಾನೆ? ದನಿ ಎತ್ತರಿಸುತ್ತಾನೆ. "ಇದು ಲೋಡ್ ಸೆಲ್ಲು, ಸುಳ್ಳು ಹೇಳಲ್ಲ" ಅಂದೆ. ಕಲ್ಲೇಶಪ್ಪ ದನಿ ಎತ್ತರಿಸಲಿಲ್ಲ. "ಸರಿ. ನಾನು ಜಗಳ ಆಡಲ್ಲ. ಇವತ್ತು ಅಜ್ಜಂಪುರದ ಸಂತೆ. ಕೇಳ್ದೋರ್ಗೆ ಆದದ್ದು ಹೇಳ್ತೀನಿ ಅಷ್ಟೇಯಾ. ಮುಂದಿನ ಲೋಡು ಬೇರೆ ಕಡೆ ತೂಗುಸ್ತೀನಿ" ಅಂದ.

ಸಂತೆಯಲ್ಲಿ ಕೂಗಾಡುವವನ ಮಾತನ್ನು ಯಾರೂ ನಂಬುವುದಿಲ್ಲ. ಮೆತ್ತಗೆ ಮಾತಾಡುವವನ ಮಾತು ಸಾಯಂಕಾಲದೊಳಗೆ ತರೀಕೆರೆ ಮುಟ್ಟುತ್ತದೆ. ಹಿಂದೆ ಮೂರು ಲಾರಿ ಕಾಯುತ್ತಿದ್ದವು, ಅವರ ಡ್ರೈವರುಗಳೂ ಹಮಾಲಿಗಳೂ ಇಳಿದು ಬಂದು ಕಿವಿ ಕೊಟ್ಟು ನಿಂತಿದ್ದರು.

ಸಿದ್ದಣ್ಣ ನನ್ನ ಕಿವಿಯ ಹತ್ತಿರ ಬಂದ. "ಲಾರಿ ಹಿಂದಕ್ಕೆ ತೆಗ್ಸಿ. ಮೂಲೆ ಮೂಲೇಲಿ ನಿಂತು ನೋಡುವಾ."

ಇಂಜಿನಿಯರ್ ಅದಕ್ಕೆ ಕಾರ್ನರ್ ಟೆಸ್ಟ್ ಅಂದಿದ್ದ. ಒಂದೇ ಭಾರವನ್ನು ನಾಲ್ಕು ಮೂಲೆಯಲ್ಲೂ ಇಟ್ಟರೆ ನಾಲ್ಕೂ ಕಡೆ ಒಂದೇ ತೂಕ ಬರಬೇಕು. ನಿಯಮದ ಪ್ರಕಾರ ಸೀಲು ಹಾಕಿದ ತೂಕದ ಕಲ್ಲುಗಳು ಬೇಕು. ಅವು ಎಲ್ಲಿವೆ? ತೂಕ-ಅಳತೆ ಇಲಾಖೆಯ ಆಫೀಸಿನಲ್ಲಿವೆ. ಆಫೀಸು ಎಲ್ಲಿದೆ? ಚಿಕ್ಕಮಗಳೂರಿನಲ್ಲಿದೆ. ಹಾಗಾಗಿ ನಾನೇ ತೂಕದ ಕಲ್ಲಾದೆ.

ಮೊದಲನೇ ಮೂಲೆ, ಎಂಬತ್ತು. (ನಮ್ಮ ಬ್ರಿಡ್ಜ್ ಹತ್ತತ್ತು ಕಿಲೋ ಲೆಕ್ಕದಲ್ಲಿ ತೋರಿಸುತ್ತದೆ, ಚಿಲ್ಲರೆ ನೋಡುವುದಿಲ್ಲ.) ಎರಡನೇ ಮೂಲೆ, ಎಂಬತ್ತು. ಮೂರನೆಯದು, ಎಂಬತ್ತು. ನಾಲ್ಕನೆಯದು, ಮೊದಲೇ ಹೇಳಿದೆನಲ್ಲ, ಇಪ್ಪತ್ತು.

"ನೋಡಿದ್ರಾ, ನನ್ನ ಈರುಳ್ಳಿ ತಿಂದಿದ್ದು ಸಾಲ್ದು ಅಂತ ನಿಮ್ಮನ್ನೂ ತಿಂತಾ ಅದೆ" ಅಂದ ಕಲ್ಲೇಶಪ್ಪ. ಅವನ ಮುಖದಲ್ಲಿ ಮೊದಲನೇ ಸಲ ನಗು ಕಂಡಿತು.

ಅವನ ಕೈ ಹಿಡಿದುಕೊಂಡೆ. "ಮಧ್ಯಾಹ್ನದವರೆಗೆ ಟೈಮ್ ಕೊಡು. ಅಷ್ಟರಲ್ಲಿ ಸರಿ ಮಾಡದಿದ್ರೆ ಸಂತೆಗೆ ನಾನೇ ನಿನ್ನ ಜೊತೆ ಬಂದು ಹೇಳ್ತೀನಿ." ಅವನು ಲಾರಿಯ ನೆರಳಿನಲ್ಲಿ ಟವೆಲ್ ಹಾಸಿ ಕೂತ.

ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಮುಕ್ಕಾಲು ಗಂಟೆಗೆ ಲೈನ್ ಸಿಕ್ಕಿತು. ಫೋನಿಗೆ ಬಂದವನು ನಮ್ಮ ರೊಟ್ಟಿ ತಿಂದ ಇಂಜಿನಿಯರ್ ಅಲ್ಲ, ಬೇರೆ ಯಾರೋ. ನಾನು ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ, "ಲೋಡ್ ಸೆಲ್ ಹೋಗಿದೆ. ಡ್ರಿಫ್ಟ್ ಆಗಿದೆ. ಹೊಸದು ಹಾಕಬೇಕು. ಹತ್ತು ದಿನ ಆಗುತ್ತೆ" ಅಂದ.

ಎಡಗೈಯಲ್ಲಿ ಫೋನು, ಬಲಗೈಯಲ್ಲಿ ನೋಟ್‌ಬುಕ್ಕು. ಜೋರಾಗಿ ಕೇಳಿದೆ: "ಡ್ರಿಫ್ಟ್ ಆದರೆ ಅಂಕಿ ಸರಿದಾಡ್ತಾ ಇರಬೇಕಲ್ವಾ ಸರ್? ಇಲ್ಲಿ ನಿಂತ ಕಡೆ ನಿಂತಿದೆ. ಒಂದೇ ಮೂಲೆಯಲ್ಲಿ ಕಮ್ಮಿ. ಬೈಂಡಿಂಗ್ ಇರಬಹುದಲ್ಲಾ?"

ಆ ಕಡೆಯ ದನಿ ಮೆತ್ತಗಾಯಿತು. "ಇರಬಹುದು, ಇರಬಹುದು. ಮೊದಲು ಸಂದು ಕ್ಲೀನ್ ಮಾಡಿ ನೋಡಿ."

ಹೊಸ ಲೋಡ್ ಸೆಲ್ಲಿನ ಬೆಲೆ ಹೇಳಿ ನಿಮ್ಮನ್ನು ಹೆದರಿಸುವುದಿಲ್ಲ. ಒಂದು ಮಾತು ಗೊತ್ತಿದ್ದದ್ದಕ್ಕೆ ಅದು ಉಳಿಯಿತು ಅಂತ ಮಾತ್ರ ತಿಳಿಯಿರಿ.

ಗೆದ್ದವನ ಹಾಗೆ ಹೊರಗೆ ಬಂದರೆ, ಸಿದ್ದಣ್ಣ ಆಗಲೇ ನಾಲ್ಕನೇ ಮೂಲೆಯಲ್ಲಿ ಹೊಟ್ಟೆ ಮೇಲೆ ಮಲಗಿದ್ದಾನೆ. ಕೈಯಲ್ಲಿ ಸೈಕಲ್ ಚಕ್ರದ ಕಡ್ಡಿ. ಹಲಗೆಗೂ ಸಿಮೆಂಟು ಕಟ್ಟೆಗೂ ನಡುವಿನ ಸಂದಿನಲ್ಲಿ ಕೆದಕುತ್ತಿದ್ದಾನೆ.

"ಸಿದ್ದಣ್ಣ, ಇದು ಬೈಂಡಿಂಗ್ ಅಂತೆ."

"ಅದೇನಂತಾರೋ ಗೊತ್ತಿಲ್ಲ. ತಕ್ಕಡಿ ತಟ್ಟೆ ಗ್ವಾಡೆಗೆ ತಾಗ್ತಾ ಇದ್ರೆ ತೂಕ ಸುಳ್ಳು ಬತ್ತದೆ. ಇದಕ್ಕೂ ಏನೋ ತಾಗ್ತಾ ಅದೆ."

ಇದನ್ನು ತಿಳಿಯಲು ಅವನಿಗೆ ಟ್ರಂಕ್ ಕಾಲ್ ಬೇಕಾಗಿರಲಿಲ್ಲ.

ಲಾರಿ ಹತ್ತಿದಾಗ ಹಲಗೆ ತೀರಾ ಜರುಗಬಾರದು ಅಂತ ಮೂಲೆಯಲ್ಲಿ ಒಂದು ಬೋಲ್ಟ್ ಇರುತ್ತದೆ. ಅದಕ್ಕೆ ಸ್ಟಾಪರ್ ಅನ್ನುತ್ತಾರೆ. ಬೋಲ್ಟಿಗೂ ಹಲಗೆಗೂ ನಡುವೆ ಒಂದು ಎಳೆ ಜಾಗ, ಅಷ್ಟೇ. ಸಿದ್ದಣ್ಣನ ಕಡ್ಡಿಗೆ ಮೊದಲು ಒಣಗಿದ ಕುಂಬಳದ ತಿರುಳು ಬಂತು, ಕುಂಕುಮದ ಬಣ್ಣದ್ದು. ಆಮೇಲೆ ಒಂದು ರೂಪಾಯಿ ಸಂದಿನ ತಳಕ್ಕೆ ಟಣ್ ಎಂದು ಬಿತ್ತು. ಇನ್ನೊಂದು ಬೋಲ್ಟಿಗೂ ಹಲಗೆಗೂ ನಡುವೆ ಬಿಗಿಯಾಗಿ ಕೂತಿತ್ತು. ಸುತ್ತಿಗೆಯಿಂದ ಕಡ್ಡಿಗೆ ಎರಡು ಏಟು ಹಾಕಿದ ಮೇಲೆ ಬಂತು.

ಕಳೆದ ಎರಡು ರೂಪಾಯಿ. ಮಕ್ಕಳ ಮೇಲೆ ಅನುಮಾನ ಪಟ್ಟಿದ್ದೆನಲ್ಲ, ಅವೇ.

ಹತ್ತು ಪೈಸೆಯ ಅಲ್ಯೂಮಿನಿಯಂ ಬಿಲ್ಲೆ ಆಗಿದ್ದರೆ ಮೊದಲನೇ ಲಾರಿಯ ಬ್ರೇಕಿಗೇ ಮಡಚಿಕೊಂಡು ಕೆಳಗೆ ಬೀಳುತ್ತಿತ್ತು. ಮಕ್ಕಳನ್ನು ಬಿಟ್ಟಿದ್ದರೆ ಒಂದು ಕಾಸೂ ಉಳಿಯುತ್ತಿರಲಿಲ್ಲ. ಜೀವಮಾನದಲ್ಲಿ ಒಂದೇ ದಿನ ಜುಗ್ಗತನ ಬಿಟ್ಟೆ, ಒಂದೇ ದಿನ ಇಂಗ್ಲಿಷಿನಲ್ಲಿ ಗದರಿದೆ. ಎರಡೂ ಒಂದೇ ಬೋಲ್ಟಿನಲ್ಲಿ ಸಿಕ್ಕಿಕೊಂಡವು.

ಕಾಸು ಹೋದ ಮೇಲೆ ಖಾಲಿ ಹಲಗೆಗೆ ಅಂಕಿ ಮೂವತ್ತು ತೋರಿಸಿತು, ಅವತ್ತು ನಾನು ಒತ್ತಿ ಅಡಗಿಸಿದ ಮೂವತ್ತೇ. ಅದನ್ನು ಸೊನ್ನೆಗೆ ತಂದು ಮತ್ತೆ ನಾಲ್ಕು ಮೂಲೆ ಸುತ್ತಿದೆ. ನಾಲ್ಕರಲ್ಲೂ ಎಂಬತ್ತು. ಎಂಬತ್ತು ಕಿಲೋ ಇರುವುದು ಇಷ್ಟು ಸಂತೋಷದ ವಿಷಯ ಅಂತ ನನಗೆ ಗೊತ್ತಿರಲಿಲ್ಲ.

ಕಲ್ಲೇಶಪ್ಪನ ಲಾರಿ ಮತ್ತೆ ಹತ್ತಿತು. ನೆಟ್ ಐದು ಸಾವಿರದ ಒಂಬೈನೂರ ಎಂಬತ್ತು. ನೂರು ಕಿಲೋ ವಾಪಸ್ ಬಂತು.

"ಇನ್ನೂ ಇಪ್ಪತ್ತು?" ಅಂದ ಅವನು.

"ಅದು ದಾರೀಲಿ ಒಣಗಿದ್ದು ಕಣಪ್ಪ. ಈರುಳ್ಳಿ ಏನು ಕಬ್ಬಿಣಾನಾ?"

ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಹೊರಡಲಿಲ್ಲ. "ಆ ಕಾಸು ಮತ್ತೆ ಅಲ್ಲೇ ಇಟ್ಟು ಒಂದ್ಸಲ ತೂಗಿ. ನಾನು ನೋಡ್ಬೇಕು." ಇಟ್ಟು ತೂಗಿದೆವು. ಹೆಚ್ಚುಕಡಿಮೆ ಅಷ್ಟೇ ತಗ್ಗಿತು. ತೆಗೆದು ತೂಗಿದೆವು, ಸರಿಯಾಯಿತು. ಡ್ರೈವರುಗಳೆಲ್ಲ ಬಗ್ಗಿ ನೋಡಿದರು. "ಇದನ್ನೂ ಸಂತೇಲಿ ಹೇಳ್ತೀನಿ" ಅಂದು ಕಲ್ಲೇಶಪ್ಪ ಲಾರಿಯನ್ನು ಬೆಂಗಳೂರಿಗೆ ಕಳಿಸಿ ತಾನು ಅಜ್ಜಂಪುರದ ಬಸ್ಸು ಹತ್ತಿದ. ಹೇಳಿದ ಕೂಡ. ಮರುವಾರ ಬುಕ್ಕಾಂಬುಧಿಯಿಂದ ಎರಡು ಹೊಸ ಲೋಡು ಬಂದವು.

ಪಾರ್ವತಿಗೆ ಹೇಳಿದರೆ, "ನಾನು ಕುಂಬಳಕಾಯಿಗೆ ಹಾಕಿ ಅಂದೆ, ಬೋಲ್ಟಿಗೆ ಹಾಕಿ ಅಂದ್ನಾ?" ಅಂದಳು. ವಾದ ಅಲ್ಲಿಗೆ ಮುಗಿಯಿತು.

ಇಲ್ಲಿಗೇ ಈ ಅಂಕಣವೂ ಮುಗಿಯಬಹುದಿತ್ತು. ನಾನೂ ಹಾಗೇ ಅಂದುಕೊಂಡು ಅವತ್ತು ಸಂಜೆ ಆಫೀಸಿಗೆ ಬೀಗ ಹಾಕುತ್ತಿದ್ದೆ.

"ಉಳಿದ ಏಳು ಲಾರಿ?" ಅಂದ ಸಿದ್ದಣ್ಣ.

ಆಯುಧ ಪೂಜೆಯ ಮರುದಿನದಿಂದ ಕಲ್ಲೇಶಪ್ಪ ಬರುವವರೆಗೆ ಏಳು ಲೋಡು ತೂಗಿದ್ದೆವು. ಏಳಕ್ಕೂ ಚೀಟಿ ಕೊಟ್ಟಿದ್ದೆವು. ನನ್ನ ಚೀಟಿ ಅಲ್ಲವೇ, ಯಾರೂ ಮರುಮಾತಾಡದೆ ಒಯ್ದಿದ್ದರು.

"ಅವರು ಯಾರೂ ಕೇಳಿಲ್ವಲ್ಲ ಸಿದ್ದಣ್ಣ."

"ಅವತ್ತು ಮೈನಸ್ ತೋರಿಸ್ದಾಗ ಒಂದು ಬಟನ್ ಒತ್ತಿದ್ರಲ್ಲ. ಈಗ್ಲೂ ಒತ್ತೋದಾದ್ರೆ ಒತ್ತಿ. ಸೊನ್ನೆ ಬತ್ತದೆ" ಅಂದ. ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಬಸ್ಸಿಗೆ ಹೋದ.

ಬೀಗ ತೆಗೆದು ಮತ್ತೆ ಒಳಗೆ ಹೋದೆ. ಕಾರ್ಬನ್ ಕಾಪಿಗಳನ್ನು ಹುಡುಕಿ ಏಳನ್ನೂ ಬೇರೆ ಇಟ್ಟೆ. ಮರುದಿನ ಬ್ರಿಡ್ಜಿನ ಮುಂದೆ ಬೋರ್ಡ್ ಹಾಕಿಸಿದೆ: ದಸರಾ ಮುಗಿದ ಐದು ದಿನದ ಚೀಟಿಗಳಲ್ಲಿ ತೂಕ ಕಡಿಮೆ ಬಂದಿದೆ, ತಪ್ಪು ನಮ್ಮದು, ತಂದರೆ ತಿದ್ದಿದ ಚೀಟಿ ಕೊಡುತ್ತೇವೆ, ಸರಕು ಕೊಂಡವರು ಒಪ್ಪದಿದ್ದರೆ ಆ ನಷ್ಟ ನಮಗೇ ಇರಲಿ.

ಒಬ್ಬ ಹಳೇ ವ್ಯಾಪಾರಿ ಬೋರ್ಡ್ ಓದಿ, "ಏನಪ್ಪಾ, ನಿನ್ನ ಅಂಗಡಿಗೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೋ" ಅಂದ. ನಾನು ಚೌಕಾಸಿ ಮಾಡಿ ಬದುಕಿದವನು, ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು ಅಂತ ಗೊತ್ತು. ತಪ್ಪು ಒಪ್ಪಿಕೊಂಡವನ ತಕ್ಕಡಿಗೆ ಜನ ಒಂದು ಸಲ ಬಗ್ಗಿ ನೋಡುತ್ತಾರೆ. ಆಮೇಲೆ ನೋಡುವುದಿಲ್ಲ.

ಈಗ ಪ್ರತಿ ಬೆಳಿಗ್ಗೆ ಡಬ್ಬಿ ಹಚ್ಚುವ ಮೊದಲು ಸಿದ್ದಣ್ಣ ಸೈಕಲ್ ಕಡ್ಡಿ ಹಿಡಿದು ನಾಲ್ಕು ಕಡೆ ಸಂದು ಸುತ್ತುತ್ತಾನೆ. ನಾನು ನಾಲ್ಕು ಮೂಲೆಯಲ್ಲಿ ನಿಂತು ಬರುತ್ತೇನೆ. ನೋಟ್‌ಬುಕ್ಕಿನಲ್ಲಿ ಝೀರೋ ಅನ್ನುವ ಮಾತಿನ ಮುಂದೆ ಇನ್ನೊಂದು ಸಾಲು ಸೇರಿಸಿದ್ದೇನೆ: ಒತ್ತುವ ಮೊದಲು ಕಾರಣ ಕೇಳು. ಬರುವ ವರ್ಷವೂ ಕುಂಬಳಕಾಯಿ ಒಡೆಯುತ್ತೇನೆ, ರಸ್ತೆಯ ಮೇಲೆ. ಕಾಸು ಮಕ್ಕಳಿಗೆ.

ಏಳರಲ್ಲಿ ಆರು ಜನ ಬಂದು ಹೊಸ ಚೀಟಿ ಒಯ್ದರು. ಅದರಲ್ಲಿ ಇಬ್ಬರು ಕಾಫಿಯನ್ನೂ ಕುಡಿದರು. ಏಳನೆಯದು ಬಾಡಿಗೆ ಲಾರಿ, ಸರಕಿನ ಯಜಮಾನರ ಹೆಸರಿಲ್ಲ, ನನ್ನ ಕಾಪಿಯಲ್ಲಿ ಇರುವುದು ಊರು ಮತ್ತು ಸರಕು ಅಷ್ಟೇ.

ಲಿಂಗದಹಳ್ಳಿಯಿಂದ ಹಳೇ ಭತ್ತ ತಂದವರೇ, ನಿಮ್ಮ ನೂರು ಕಿಲೋ ನನ್ನ ಹತ್ತಿರ ಇದೆ, ಯಾವಾಗ ಬರುತ್ತೀರಿ?